ರೆಟಿನಾದ ನೀರಿಗೆ ಮೂರು ಹೊತ್ತಿನ ಡ್ರಾಪ್ಸ್: ಸಂಶೋಧನೆ ಓದುವುದು ಹೇಗೆ, ಮನೆಯಲ್ಲಿ ಲೆಕ್ಕ ಇಡುವುದು ಹೇಗೆ

ಬೆಳಿಗ್ಗೆ ಆರೂಕಾಲಿಗೆ ನನ್ನ ಮಗನ ಕಣ್ಣಿಗೆ ದಿನದ ಮೊದಲ ಹನಿ ಬೀಳುತ್ತದೆ. ಅವನಿಗೆ ಈಗ ಹನ್ನೊಂದು ವರ್ಷ. ಆ ಹೊತ್ತಿಗೆ ಇನ್ನೂ ಅರ್ಧ ನಿದ್ದೆಯಲ್ಲಿರುತ್ತಾನೆ. ಹನಿ ಉರಿಯುತ್ತದೆ. ಹುಬ್ಬು ಗಂಟಿಕ್ಕಿ ಕಣ್ಣು ಮುಚ್ಚುತ್ತಾನೆ. ಆಮೇಲೆ ಯಾರೂ ಹೇಳದೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಾನೆ. ನಾನು ಒಂದರಿಂದ ನೂರಿಪ್ಪತ್ತರವರೆಗೆ ಎಣಿಸುತ್ತೇನೆ. ಎಣಿಸಿ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುವ ಹಂತಕ್ಕೆ ಬಂದಿರುತ್ತದೆ.

ಆ ಡ್ರಾಪ್ಸಿನ ಹೆಸರು ಡಾರ್ಜೋಲಮೈಡ್, ಶೇ. 2. ಅದು ಗ್ಲಾಕೋಮಾಕ್ಕೆ, ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಏರಿ ನೋಟ ಕೆಡಿಸುವ ಕಾಯಿಲೆಗೆ ಅಂತ ಬಂದ ಔಷಧಿ. ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ತಡೆಯುವ ಗುಂಪಿನದ್ದು. ಮಗನಿಗೆ ಗ್ಲಾಕೋಮಾ ಇಲ್ಲ. ಅವನಿಗಿರುವುದು ಎಕ್ಸ್-ಲಿಂಕ್ಡ್ ರೆಟಿನೋಸ್ಕೈಸಿಸ್. ವಂಶದಲ್ಲಿ ಬರುವ ಕಾಯಿಲೆ. ಇದರಲ್ಲಿ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪೊರೆಯ ಪದರಗಳು ಒಂದನ್ನೊಂದು ಬಿಟ್ಟುಕೊಳ್ಳುತ್ತವೆ. ನಡುವೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಆ ನೀರು ಇಳಿಯಲಿ ಎಂದು ಈ ಹನಿ.

ನಾನು ಡಾಕ್ಟರಲ್ಲ. ಮುಂಬೈಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಮನೆ ಡೊಂಬಿವಲಿ ಪೂರ್ವದಲ್ಲಿ. ಸಂಜೆ ಲೆಕ್ಕ ತಾಳೆಯಾಗದೆ ಎದ್ದು ಹೋಗಬಾರದು ಎನ್ನುವುದು ನನಗೆ ರೂಢಿಯಾಗಿದೆ. ಮಗನ ಕಣ್ಣಿನ ವಿಷಯದಲ್ಲಿ ಆ ರೂಢಿಯೇ ಕೈ ಹಿಡಿಯಿತು. ಈಗ ಥಾಣೆಯಿಂದ, ಮಾಟುಂಗಾದಿಂದ, ಒಮ್ಮೊಮ್ಮೆ ಊರ ಕಡೆಯಿಂದಲೂ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ: "ಅಕ್ಕಾ, ನಮ್ಮ ಹುಡುಗನಿಗೂ ಅದೇ ಡ್ರಾಪ್ಸ್ ಬರೆದಿದ್ದಾರೆ. ಗುಣ ಆಗ್ತದಾ?" ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೆ ಎಲ್ಲವನ್ನೂ ಕೂತು ಬರೆಯುತ್ತಿದ್ದೇನೆ. ಔಷಧಿ ಶುರು ಮಾಡುವುದು, ಬದಲಿಸುವುದು, ನಿಲ್ಲಿಸುವುದು ಡಾಕ್ಟರ ಕೆಲಸ. ಅದು ನಿಮ್ಮ ಕಣ್ಣಿಗೆ ಕೆಲಸ ಮಾಡುತ್ತಿದೆಯೇ ಎಂದು ಕಂಡುಹಿಡಿಯುವುದರಲ್ಲಿ ಮಾತ್ರ ನಿಮ್ಮ ಪಾಲು ದೊಡ್ಡದಿದೆ.

ಮೊದಲು ನೀರು ಯಾಕೆ ಬಂತು ಎಂದು ಕೇಳಿ

ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಬೋರ್ಡಿನ ಮೇಲಿದ್ದದ್ದನ್ನು ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ. ಕನ್ನಡಕ ಹಾಕಿಸಿದೆವು. ಒಂದೂವರೆ ವರ್ಷದಲ್ಲಿ ಮೂರು ಸಲ ನಂಬರ್ ಬದಲಾಯಿತು. ಒಂದು ಕಡೆ ಇದು ಸೋಮಾರಿ ಕಣ್ಣು ಎಂದು ಹೇಳಿ ಎಂಟು ತಿಂಗಳು ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿದರು. ಆ ಎಂಟು ತಿಂಗಳು ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೊನೆಗೆ ರೆಟಿನಾ ಡಾಕ್ಟರೊಬ್ಬರು ಓಸಿಟಿ ಮಾಡಿಸಿದರು. ಓಸಿಟಿ ಎಂದರೆ ಬೆಳಕಿನಿಂದ ರೆಟಿನಾದ ಅಡ್ಡಸೀಳು ಚಿತ್ರ ತೆಗೆಯುವ ಪರೀಕ್ಷೆ. ಚುಚ್ಚುವುದಿಲ್ಲ, ನೋವಿಲ್ಲ. ಸ್ಕ್ರೀನಿನಲ್ಲಿ ಕಂಡದ್ದು ಚೆನ್ನಾಗಿ ಹುದುಗಿದ ಉದ್ದಿನ ದೋಸೆಯನ್ನು ಮುರಿದಾಗ ಅಂಚಿನಲ್ಲಿ ಕಾಣುತ್ತದಲ್ಲ, ಹಾಗೆ. ಸಾಲು ಸಾಲು ಕಪ್ಪು ತೂತು, ನಡುವೆ ತೆಳುವಾದ ಗೋಡೆ.

ರೆಟಿನಾದ ನಡುಭಾಗ ಮ್ಯಾಕುಲಾ. ಓದುವುದು, ಮುಖ ಗುರುತಿಸುವುದು ಎಲ್ಲ ಅದರಿಂದ. ಅಲ್ಲಿ ನೀರು ನಿಲ್ಲಲು ಹಲವು ಕಾರಣಗಳಿವೆ. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಸೋರಿ ಊತ ಬರುತ್ತದೆ. ಅದಕ್ಕೆ ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತಾರೆ. ರೆಟಿನೋಸ್ಕೈಸಿಸ್‌ನಲ್ಲಿ ಹಾಗಲ್ಲ. ಡೈ ಹಾಕಿ ಫೋಟೋ ತೆಗೆದರೂ ಸೋರಿಕೆ ಕಾಣುವುದಿಲ್ಲ. ಇನ್ನೊಂದು ದೊಡ್ಡ ಗುಂಪು ರೆಟಿನೈಟಿಸ್ ಪಿಗ್ಮೆಂಟೋಸಾದವರದು, ಚಿಕ್ಕದಾಗಿ ಆರ್‌ಪಿ. ಇರುಳುಗುರುಡಿನಿಂದ ಶುರುವಾಗಿ ಅಕ್ಕಪಕ್ಕದ ನೋಟ ಕಿರಿದಾಗುವ ಕಾಯಿಲೆ ಅದು. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಇದೆ. ಅವರಲ್ಲಿ ಶೇ. 10ರಿಂದ 50ರಷ್ಟು ಜನಕ್ಕೆ ಮ್ಯಾಕುಲಾದಲ್ಲಿ ನೀರಿನ ಊತ ಬರುತ್ತದೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ರೆಟಿನೋಸ್ಕೈಸಿಸ್ ಇನ್ನೂ ಅಪರೂಪ. 5,000ದಿಂದ 25,000 ಗಂಡಸರಲ್ಲಿ ಒಬ್ಬರಿಗೆ.

ಆದ್ದರಿಂದ ರಿಪೋರ್ಟಿನಲ್ಲಿ ಸುಮ್ನೆ "ಮ್ಯಾಕುಲಾ ಊತ" ಎಂದಷ್ಟೇ ಬರೆದಿದ್ದರೆ ಬಿಡಬೇಡಿ. "ಡಾಕ್ಟ್ರೇ, ಈ ನೀರು ಯಾವ ಕಾಯಿಲೆಯಿಂದ ಬಂದದ್ದು?" ಎಂದು ಕೇಳಿ. ಇಆರ್‌ಜಿ (ಬೆಳಕಿಗೆ ರೆಟಿನಾ ಹೇಗೆ ಸ್ಪಂದಿಸುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಬೇಕೇ, ಜೀನ್ ಪರೀಕ್ಷೆ ಮಾಡಿಸಬೇಕೇ ಎಂದೂ ಕೇಳಿ. ರೆಟಿನೋಸ್ಕೈಸಿಸ್‌ಗೆ ಕಾರಣವಾದ ಆರ್‌ಎಸ್1 ಜೀನ್ ಪತ್ತೆಯಾದದ್ದು 1997ರಲ್ಲಿ. ಈಗ ಒಂದು ಸಲ ರಕ್ತ ಕೊಟ್ಟರೆ ಅದನ್ನು ನೋಡಿ ಹೇಳುತ್ತಾರೆ.

ಮನೆತನದ ನಕ್ಷೆ ಬರೆಯಿರಿ

ಇದಕ್ಕೆ ಖರ್ಚಿಲ್ಲ. ಒಂದು ದೊಡ್ಡ ಹಾಳೆ ಸಾಕು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಮೂರು ತಲೆಮಾರು. ಕಣ್ಣಿನ ತೊಂದರೆ ಇದ್ದವರ ಗುರುತನ್ನು ಪೆನ್ಸಿಲಿನಿಂದ ತುಂಬಿ. "ಆರ್‌ಪಿ ಇತ್ತಾ?" ಎಂದು ಹಿರಿಯರನ್ನು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಕತ್ತಲಲ್ಲಿ ಎಡವುತ್ತಿದ್ದರಾ, ಶಾಲೆ ಅರ್ಧಕ್ಕೆ ಬಿಟ್ಟರಾ, ಪೇಪರನ್ನು ಮೂಗಿಗೆ ಹಿಡಿದು ಓದುತ್ತಿದ್ದರಾ ಎಂದು ಕೇಳಿ. ಹಾಗೆ ಕೇಳಿದ್ದಕ್ಕೇ ನಮ್ಮ ಅಮ್ಮ ಕುಂದಾಪುರದಿಂದ ಫೋನಿನಲ್ಲಿ ಅಂದರು: "ನಿನ್ನ ಮಾವನಿಗೆ ಸಣ್ಣಿಪ್ಪತಿಗೇ ಕಣ್ ಮಂದ ಅಲ್ದಾ ಮಗಾ." ಸಣ್ಣವನಿದ್ದಾಗಲೇ ಕಣ್ಣು ಮಂದ ಅಂತ.

ಮಾವ ಅಂದರೆ ಅಮ್ಮನ ತಮ್ಮ. ಹನ್ನೆರಡು ವರ್ಷಕ್ಕೆ ಮುಂಬೈಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಕಪ್ ತೊಳೆಯುವ ಕೆಲಸಕ್ಕೆ ಸೇರಿದ್ದವರು. ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ಬೋರ್ಡು ಕಾಣುತ್ತಿರಲಿಲ್ಲ. ಎರಡು ವರ್ಷ ಫೇಲಾಗಿ ಬಿಟ್ಟರು. "ನಂಗೆ ತಲೆಯೇ ಇಲ್ಲ ಅಂತ ಮಾಡಿದ್ದೆ" ಎಂದು ನನ್ನ ಮುಂದೆ ಕೂತು ಹೇಳಿದಾಗ ಅವರಿಗೆ ಅರವತ್ತೊಂದು ವರ್ಷ.

ಈ ಕಾಯಿಲೆ ತಾಯಿಯ ಕಡೆಯಿಂದ ಹರಿದು ಬರುತ್ತದೆ. ಲೆಕ್ಕ ಹೀಗೆ. ಜೀನ್ ಹೊತ್ತ ತಾಯಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ. ಅವಳ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿ ಹೆಣ್ಣುಮಗುವೂ ಜೀನ್ ಹೊರುವ ಸಾಧ್ಯತೆ ಅರ್ಧಕ್ಕರ್ಧ. ಕಾಯಿಲೆ ಇರುವ ಗಂಡಸಿನ ಗಂಡುಮಕ್ಕಳಿಗೆ ಅವನಿಂದ ಇದು ಹೋಗುವುದಿಲ್ಲ. ಆದರೆ ಅವನ ಹೆಣ್ಣುಮಕ್ಕಳೆಲ್ಲರೂ ಜೀನ್ ಹೊತ್ತಿರುತ್ತಾರೆ. ಹಾಳೆಯ ಮೇಲೆ ಇಷ್ಟು ಬರೆದ ಮೇಲೆ ನನ್ನ ಪೆನ್ಸಿಲ್ ಮಂಗಳೂರಿನಲ್ಲಿರುವ ಮಾವನ ಮಗಳ ಹೆಸರಿನ ಮೇಲೆ ನಿಂತಿತು. ಅವಳಿಗೆ ನಾಲ್ಕು ವರ್ಷದ ಮಗ ಇದ್ದಾನೆ.

ಇಂಥ ವಿಷಯವನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಮೊದಲು ಮಾವನಿಗೆ ಹೇಳಿ ಅವರ ಒಪ್ಪಿಗೆ ಪಡೆದೆ. ಆಮೇಲೆ ಒಂದು ಭಾನುವಾರ ಅವಳಿಗೆ ಫೋನ್ ಮಾಡಿ ನಿಧಾನವಾಗಿ ಹೇಳಿದೆ. ಯಾರದ್ದೂ ತಪ್ಪಲ್ಲ ಎನ್ನುವುದನ್ನು ಮೊದಲೇ ಹೇಳಿ. ನಮ್ಮಲ್ಲಿ ತಾಯಿಯ ತಲೆಗೆ ಕಟ್ಟುವವರು ಜಾಸ್ತಿ.

ಔಷಧಿ ಮಾಡುವ ಕೆಲಸ ಏನು, ಮಾಡದ್ದು ಏನು

ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಮೀಟರ್ ರೂಮಿಗೆ ನೀರು ಬರುತ್ತದೆ. ವಾಚ್‌ಮನ್ ಪಂಪ್ ಹಚ್ಚಿ ಹೊರಗಿನ ಗಟಾರಕ್ಕೆ ಬಿಡುತ್ತಾನೆ. ಗೋಡೆಯ ಬಿರುಕು ಹಾಗೇ ಇರುತ್ತದೆ. ಈ ಔಷಧಿಯೂ ಪಂಪಿನ ಹಾಗೆ ಎಂದುಕೊಳ್ಳಿ. ರೆಟಿನಾದ ಹಿಂದೆ ಪಿಗ್ಮೆಂಟ್ ಜೀವಕೋಶಗಳ ಒಂದು ಪದರ ಇದೆ. ರೆಟಿನಾದ ನೀರನ್ನು ಎಳೆದು ಅದರ ಹಿಂದಿನ ರಕ್ತನಾಳಗಳ ಕಡೆ ಸಾಗಿಸುವುದು ಅದರ ಕೆಲಸ. ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಸೇರಿಸಿ ಬೈಕಾರ್ಬೊನೇಟ್ ಮಾಡುತ್ತದೆ. ಅದನ್ನು ತಡೆದಾಗ ಅಲ್ಲಿನ ಆಮ್ಲದ ಮಟ್ಟ ಸ್ವಲ್ಪ ಬದಲಾಗುತ್ತದೆ, ನೀರಿನ ಸಾಗಾಟ ಹೆಚ್ಚುತ್ತದೆ. ರೆಟಿನೋಸ್ಕೈಸಿಸ್‌ನಲ್ಲಿ ಇದರ ಒಳಗುಟ್ಟು ಇನ್ನೂ ಪೂರ್ತಿ ಬಿಡಿಸಿಲ್ಲ.

ಜೀನಿನ ದೋಷ ಇದರಿಂದ ಸರಿಯಾಗುವುದಿಲ್ಲ. ಆರ್‌ಪಿಯಲ್ಲಿ ಸಾಯುತ್ತಿರುವ ಬೆಳಕಿನ ಜೀವಕೋಶಗಳು ಇದರಿಂದ ಉಳಿಯುತ್ತವೆ ಎಂದೂ ತೋರಿಸಿಲ್ಲ. ನೀರು ಇಳಿದರೆ ಉಳಿದಿರುವ ನೋಟ ಸ್ವಲ್ಪ ತಿಳಿಯಾಗಬಹುದು. ಕೆಲವರಿಗೆ ಅಷ್ಟೂ ಆಗುವುದಿಲ್ಲ. ಮನೆಯವರಿಗೆಲ್ಲ ಇದನ್ನು ಮೊದಲೇ ಹೇಳಿಡಿ. ನಮ್ಮ ಅತ್ತೆ ದಿನಾ ಬೆಳಿಗ್ಗೆ ಮಗನ ಮುಂದೆ ಕ್ಯಾಲೆಂಡರ್ ಹಿಡಿದು "ಇವತ್ತು ಕಾಣ್ತದಾ ಪುಟ್ಟಾ?" ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳಿದ್ದು. ಆದರೆ ಹುಡುಗ ಅವರಿಗೆ ಬೇಸರ ಆಗಬಾರದು ಎಂದು ಕಾಣದಿದ್ದರೂ ಕಾಣುತ್ತದೆ ಎನ್ನಲು ಶುರು ಮಾಡಿದ್ದ.

ಸಂಶೋಧನಾ ಲೇಖನ ಓದುವಾಗ

ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಎಂಬ ಜಾಲತಾಣ ಎಲ್ಲರಿಗೂ ಉಚಿತ. ಡ್ರಾಪ್ಸ್ ಡಬ್ಬಿಯ ಮೇಲಿರುವ ಔಷಧಿಯ ಮೂಲ ಹೆಸರು, ರಿಪೋರ್ಟಿನಲ್ಲಿರುವ ಕಾಯಿಲೆಯ ಹೆಸರು, ಎರಡನ್ನೂ ಅದೇ ಸ್ಪೆಲ್ಲಿಂಗಿನಲ್ಲಿ ನೋಡಿ ಟೈಪ್ ಮಾಡಿ. ಕಂಪನಿ ಇಟ್ಟ ಹೆಸರು ಬೇಡ. ಈ ಗುಂಪಿನಲ್ಲಿ ಮುಖ್ಯವಾದವು ಮೂರು. ಡಾರ್ಜೋಲಮೈಡ್ ಮತ್ತು ಬ್ರಿಂಜೋಲಮೈಡ್ ಡ್ರಾಪ್ಸ್, ಅಸೆಟಜೋಲಮೈಡ್ ಮಾತ್ರೆ. ಸಾರಾಂಶ ಹೆಚ್ಚಿನವಕ್ಕೆ ಸಿಗುತ್ತದೆ. ಪೂರ್ತಿ ಲೇಖನ ಕೆಲವಕ್ಕೆ ಮಾತ್ರ.

ವರ್ಷದ ಪ್ರಕಾರ ಓದಿದರೆ ಕಥೆ ಚೆನ್ನಾಗಿ ತಿಳಿಯುತ್ತದೆ. 1988ರಲ್ಲಿ ಕಾಕ್ಸ್, ಹೇ, ಬರ್ಡ್ ಎಂಬುವರು ಬಹುಕಾಲದ ಮ್ಯಾಕುಲಾ ಊತಕ್ಕೆ ಅಸೆಟಜೋಲಮೈಡ್ ಕೊಟ್ಟು ನೋಡಿದ್ದನ್ನು ಪ್ರಕಟಿಸಿದರು. ಮರುವರ್ಷ ಶಿಕಾಗೋದ ಗೆರಾಲ್ಡ್ ಫಿಶ್‌ಮನ್ ಮತ್ತು ಜೊತೆಯವರು ಆರ್‌ಪಿ ಇರುವವರಲ್ಲಿ ಅದನ್ನೇ ನೋಡಿದರು. ಮಾತ್ರೆಯ ಅಡ್ಡಪರಿಣಾಮ ಜಾಸ್ತಿ, ಹಾಗಾಗಿ 1997ರಲ್ಲಿ ಡಾರ್ಜೋಲಮೈಡ್ ಡ್ರಾಪ್ಸಿನ ಜೊತೆ ಹೋಲಿಸಿದರು. 2006ರಲ್ಲಿ ಅಪುಷ್ಕಿನ್ ಮತ್ತು ಫಿಶ್‌ಮನ್ ರೆಟಿನೋಸ್ಕೈಸಿಸ್ ಇರುವವರಿಗೆ ಡಾರ್ಜೋಲಮೈಡ್ ಹಾಕಿದ ಲೇಖನ ಬಂತು. 2007ರಲ್ಲಿ ಅದೇ ಗುಂಪು ಆರ್‌ಪಿಯವರ ಬಗ್ಗೆ ಇನ್ನೊಂದು ಬರೆಯಿತು. ಅಸೆಟಜೋಲಮೈಡ್ ಬಿಡದೆ ತೆಗೆದುಕೊಳ್ಳುತ್ತಿದ್ದರೂ ಕೆಲವರಲ್ಲಿ ನೀರು ಮತ್ತೆ ಬಂದಿತ್ತು. ಫಲ ಸಿಕ್ಕಿದ್ದನ್ನು ಬರೆದವರೇ ಅದು ಕೈಕೊಟ್ಟದ್ದನ್ನೂ ಬರೆದಿದ್ದಾರೆ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಲೇಖನ ತೆರೆದ ಕೂಡಲೇ ನಾನು ನೋಡುವುದು ಎಷ್ಟು ಜನ ಎನ್ನುವುದನ್ನು. ಕಾಯಿಲೆ ಅಪರೂಪವಾದ್ದರಿಂದ ಹೆಚ್ಚಿನ ಅಧ್ಯಯನಗಳು ಸಣ್ಣವು. ಹತ್ತು ಜನರನ್ನು ನೋಡಿ "ಇಪ್ಪತ್ತು ಕಣ್ಣು" ಎಂದು ಬರೆದಿರುತ್ತಾರೆ. ಇಪ್ಪತ್ತು ಎಂದು ಓದಿ ಹಿಗ್ಗಬೇಡಿ, ಒಬ್ಬನ ಎರಡು ಕಣ್ಣುಗಳು ಬೇರೆ ಬೇರೆ ಇಬ್ಬರಂತಲ್ಲ. ಆಮೇಲೆ, ಔಷಧಿ ಹಾಕದವರ ಜೊತೆ ಹೋಲಿಸಿದ್ದಾರಾ ಎಂದು ನೋಡಿ. ಎಷ್ಟೋ ಅಧ್ಯಯನಗಳು ಹಳೆಯ ಫೈಲುಗಳನ್ನು ತೆಗೆದು ಹಿಂತಿರುಗಿ ನೋಡಿ ಬರೆದವು. ರೆಟಿನೋಸ್ಕೈಸಿಸ್‌ನ ಗುಳ್ಳೆಗಳು ಔಷಧಿ ಇಲ್ಲದೆಯೂ ಹೆಚ್ಚು ಕಡಿಮೆ ಆಗುತ್ತಿರುತ್ತವೆ. ಹೋಲಿಕೆಯ ಗುಂಪು ಇಲ್ಲದಿದ್ದರೆ ಎಷ್ಟು ಭಾಗ ಔಷಧಿಯದ್ದು ಎಂದು ಹೇಳುವುದು ಕಷ್ಟ. ಎಷ್ಟು ತಿಂಗಳು ನೋಡಿದರು ಎನ್ನುವುದೂ ಮುಖ್ಯ. ಮೂರು ತಿಂಗಳಿಗೆ ನಿಲ್ಲಿಸಿದ ಅಧ್ಯಯನಕ್ಕೆ ಒಂದು ವರ್ಷದ ಮೇಲೆ ಮರಳಿ ಬರುವ ನೀರು ಕಾಣುವುದೇ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಾನು ಕೂರುವುದು ಇನ್ನೊಂದು ಪ್ರಶ್ನೆಯ ಮೇಲೆ: ಕಡಿಮೆಯಾದದ್ದು ಏನು, ಸುಧಾರಿಸಿದ್ದು ಏನು? ಓಸಿಟಿಯಲ್ಲಿ ಬರುವ ದಪ್ಪದ ಅಂಕಿ ಒಂದು. ಗೋಡೆಯ ಮೇಲಿನ ಅಕ್ಷರ ಓದುವುದು ಇನ್ನೊಂದು. ಮೊದಲ ಸಲ "ದಪ್ಪ ಇಳಿದಿದೆ" ಎಂದು ಓದಿದ ರಾತ್ರಿ ನಾನು ಗಂಡನನ್ನು ಎಬ್ಬಿಸಿ ಹೇಳಿದ್ದೆ, ಮಗನಿಗೆ ಬೋರ್ಡು ಕಾಣುತ್ತದೆ ಅಂತ. ಎರಡೂ ಒಂದೇ ಎಂದುಕೊಂಡಿದ್ದೆ.

ಮಾವನ ಓಸಿಟಿ ನನ್ನ ಕಣ್ಣು ತೆರೆಸಿತು. ಮತ್ಸ್ಯಗಂಧ ರೈಲಿನಲ್ಲಿ ಥಾಣೆಗೆ ಬಂದು ಇಳಿದರು, ಮರುದಿನ ಪರೀಕ್ಷೆ ಮಾಡಿಸಿದೆವು. ಒಂದೇ ಒಂದು ಗುಳ್ಳೆ ಇಲ್ಲ. ದಪ್ಪ 158 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸಾಮಾನ್ಯವಾಗಿ ಆ ಜಾಗದಲ್ಲಿ 250ರಿಂದ 280ರ ಆಸುಪಾಸು ಇರುತ್ತದೆ. ಮಾವನ ನೋಟ ಮಾತ್ರ 6/60, ಅಂದರೆ ಸರಿಯಾದ ಕಣ್ಣಿಗೆ 60 ಮೀಟರಿನಿಂದ ಕಾಣುವ ಅಕ್ಷರ ಅವರಿಗೆ 6 ಮೀಟರಿಗೆ ಬಂದರೆ ಕಾಣುತ್ತದೆ. ವಯಸ್ಸಾದಂತೆ ಈ ಕಾಯಿಲೆಯಲ್ಲಿ ಗುಳ್ಳೆಗಳು ತಾವಾಗಿ ಬತ್ತುತ್ತವೆ. ಆ ಹೊತ್ತಿಗೆ ರೆಟಿನಾವೂ ಸವೆದು ತೆಳ್ಳಗಾಗಿರುತ್ತದೆ. ದಪ್ಪ ಇಳಿದದ್ದೆಲ್ಲ ಲಾಭವಲ್ಲ. ಹಾಗಾಗಿ ಲೇಖನದಲ್ಲಿ ದಪ್ಪದ ಅಂಕಿಯ ಪಕ್ಕದಲ್ಲೇ ನೋಟದ ಅಂಕಿ ಇದೆಯಾ ಎಂದು ಹುಡುಕಿ. ನಿಮ್ಮ ನೋಟ್‌ಬುಕ್ಕಿನಲ್ಲೂ ಎರಡು ಕಾಲಂ ಇರಲಿ.

ಲೇಖನವನ್ನು ಡಾಕ್ಟರ ಮುಂದೆ ಇಡುವಾಗ ಮೂವತ್ತು ಪುಟ ಹಿಡಿದು ಹೋಗಬೇಡಿ. ಸಾರಾಂಶದ ಒಂದು ಪುಟ, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಪ್ರಶ್ನೆ. ನಾನು ಮೊದಲು ಬರೆದದ್ದು: "ಇದರಲ್ಲಿರುವ ರೋಗಿಗಳು ನನ್ನ ಮಗನ ಹಾಗೆ ಇದ್ದಾರಾ?" ಡಾಕ್ಟರು ಕುರ್ಚಿ ಹತ್ತಿರ ಎಳೆದು ಕೂತು ಉತ್ತರ ಹೇಳಿದರು.

ನೋಟ್‌ಬುಕ್ಕಿನಲ್ಲಿ ಏನಿರಬೇಕು

ಒಂದು ಉದ್ದ ಲೆಕ್ಕದ ಪುಸ್ತಕ ತೆಗೆದುಕೊಳ್ಳಿ. ತಾರೀಖು, ಯಾವ ಮೆಷಿನ್, ಬಲಗಣ್ಣಿನ ದಪ್ಪ, ಎಡಗಣ್ಣಿನ ದಪ್ಪ, ಬಲ ನೋಟ, ಎಡ ನೋಟ, ಆಗ ಹಾಕುತ್ತಿದ್ದ ಔಷಧಿ. ಇಂಗ್ಲಿಷ್ ರಿಪೋರ್ಟಿನಲ್ಲಿ ಓಡಿ ಎಂದರೆ ಬಲ, ಓಎಸ್ ಎಂದರೆ ಎಡ.

ಮೆಷಿನ್ ಕಾಲಂ ಬಿಡಲೇಬೇಡಿ. ಸಿರಸ್, ಸ್ಪೆಕ್ಟ್ರಾಲಿಸ್ ಹೀಗೆ ಬೇರೆ ಬೇರೆ ಓಸಿಟಿ ಮೆಷಿನ್‌ಗಳಿವೆ. ರೆಟಿನಾದ ತಳದ ಗೆರೆಯನ್ನು ಎಲ್ಲಿಂದ ಅಳೆಯುತ್ತವೆ ಎನ್ನುವುದರಲ್ಲಿ ವ್ಯತ್ಯಾಸ ಇದೆ. ಅದೇ ಕಣ್ಣು, ಅದೇ ದಿನ, ಎರಡು ಮೆಷಿನ್ನಿನಲ್ಲಿ ಎರಡು ಅಂಕಿ ಬರುತ್ತದೆ. ಕಡಿಮೆ ದುಡ್ಡಿಗೆ ಆಗುತ್ತದೆ ಎಂದು ಒಮ್ಮೆ ಬೇರೆ ಸೆಂಟರಿಗೆ ಹೋಗಿದ್ದೆವು. 20 ಮೈಕ್ರಾನ್ ಜಾಸ್ತಿ ತೋರಿಸಿತು. ಹದಿನೈದು ದಿನ ನಿದ್ದೆ ಬರಲಿಲ್ಲ. ಹಳೆಯ ಜಾಗಕ್ಕೆ ಹೋಗಿ ಮಾಡಿಸಿದರೆ ಏನೂ ಬದಲಾಗಿರಲಿಲ್ಲ. ಆದಷ್ಟು ಒಂದೇ ಮೆಷಿನ್, ಒಂದೇ ಹೊತ್ತು. ಸಕ್ಕರೆ ಕಾಯಿಲೆಯ ಊತ ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ ಇರುವುದು ಗೊತ್ತಿರುವ ಸಂಗತಿ. ನಮ್ಮ ಮಕ್ಕಳ ಅಂಕಿಯಲ್ಲಿ ಅಂಥ ಗೊಂದಲ ಯಾಕೆ? ನಾನು ಯಾವಾಗಲೂ ಬೆಳಗಿನ ಹೊತ್ತಿಗೇ ಹೇಳಿಡುತ್ತೇನೆ. ಅಂಕಿಯ ಚೀಟಿ ಮಾತ್ರ ಸಾಲದು, ಅಡ್ಡಸೀಳು ಚಿತ್ರದ ಪ್ರಿಂಟೂ ಕೇಳಿ ತೆಗೆದುಕೊಳ್ಳಿ.

ನಮ್ಮ ಪುಟ ಹೀಗಿದೆ. ಶುರುವಿನಲ್ಲಿ ಬಲಗಣ್ಣು 418, ನೋಟ 6/24. ಮೂರು ತಿಂಗಳಿಗೆ 352. ಆರು ತಿಂಗಳಿಗೆ 309, ನೋಟ 6/18. ಎಡಗಣ್ಣಿನಲ್ಲಿ ದಪ್ಪ 396ರಿಂದ 322ಕ್ಕೆ ಇಳಿಯಿತು, ನೋಟ 6/24ರಲ್ಲೇ ಇದೆ, ಇವತ್ತಿಗೂ. ಒಂದೇ ಹುಡುಗ, ಒಂದೇ ಬಾಟಲಿ.

ಹನಿ ಹಾಕುವ ಬಗೆ

ಕೈ ತೊಳೆಯಿರಿ. ತಲೆ ಹಿಂದಕ್ಕೆ, ಅಥವಾ ಮಲಗಿಸಿ. ಕೆಳರೆಪ್ಪೆ ಸ್ವಲ್ಪ ಕೆಳಗೆ ಎಳೆದರೆ ಒಂದು ಸಣ್ಣ ಜೋಳಿಗೆಯಾಗುತ್ತದೆ. ಅದರೊಳಗೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗೆ, ಕಣ್ಣಿಗೆ ತಾಗಬಾರದು. ಎರಡನೇ ಹನಿ ಹಾಕಿದರೆ ಕೆನ್ನೆಗೆ ಇಳಿಯುತ್ತದೆ, ಕಣ್ಣಲ್ಲಿ ಅಷ್ಟು ಜಾಗವೇ ಇಲ್ಲ. ಕಣ್ಣು ಮೆಲ್ಲಗೆ ಮುಚ್ಚಿಸಿ. ಹಿಂಡಿ ಮುಚ್ಚಬಾರದು, ಪಿಳಪಿಳ ಮಾಡಬಾರದು. ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿ ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ದಾರಿ ಇದೆ. ಒತ್ತದಿದ್ದರೆ ಔಷಧಿ ಗಂಟಲಿಗೆ ಇಳಿದು ಬಾಯೆಲ್ಲ ಕಹಿಯಾಗುತ್ತದೆ. ಮಗ ಮೊದಲ ವಾರ ಚಾ ಕಹಿ ಎಂದು ಕುಡಿಯುತ್ತಲೇ ಇರಲಿಲ್ಲ. ಒತ್ತಲು ಕಲಿತ ಮೇಲೆ ಆ ದೂರು ನಿಂತಿತು.

ಬ್ರಿಂಜೋಲಮೈಡ್ ಬರೆದಿದ್ದರೆ ಪ್ರತಿ ಸಲ ಬಾಟಲಿ ಚೆನ್ನಾಗಿ ಅಲ್ಲಾಡಿಸಿ. ಅದು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಔಷಧಿ ಅಡಿಯಲ್ಲಿ ಕೂತಿರುತ್ತದೆ. ಬೇರೆ ಡ್ರಾಪ್ಸ್ ಕೂಡ ಇದ್ದರೆ ನಡುವೆ ಐದು ನಿಮಿಷಕ್ಕಿಂತ ಜಾಸ್ತಿ ಬಿಡಿ.

ಮೂರು ಹೊತ್ತು ಎಂದರೆ ಮಧ್ಯಾಹ್ನದ್ದೇ ತಪ್ಪುವುದು. ಮಗನ ಶಾಲೆ ಬೆಳಗಿನ ಪಾಳಿ. ಎರಡೂವರೆಗೆ ಮನೆಗೆ ಬಂದಾಗ ಅತ್ತೆ ಹಾಕುತ್ತಾರೆ. ರಾತ್ರಿ ಒಂಬತ್ತೂವರೆಗೆ ಮತ್ತೆ ನಾನು. ತಪ್ಪಿದೆಯೋ ಇಲ್ಲವೋ ನೋಡಲು ನಾನು ಮಾಡುವುದು ಬಾಟಲಿಯ ಲೆಕ್ಕ. ಎರಡು ಕಣ್ಣಿಗೆ ದಿನಕ್ಕೆ ಆರು ಹನಿ. 5 ಎಂಎಲ್ ಬಾಟಲಿ ನಮಗೆ ಸುಮಾರು ಇಪ್ಪತ್ತು ದಿನ ಬರುತ್ತದೆ. ತೆರೆದ ದಿನವನ್ನು ಬಾಟಲಿಯ ಮೇಲೆ ಬರೆಯುತ್ತೇನೆ. ಒಂದು ತಿಂಗಳು ಕಳೆದರೂ ಬಾಟಲಿ ಮುಗಿಯದಿದ್ದರೆ ಎಲ್ಲೋ ಹನಿ ತಪ್ಪಿದೆ. ಉಳಿದಿದ್ದರೂ ತಿಂಗಳಾದ ಮೇಲೆ ಆ ಬಾಟಲಿ ಬಳಸಬೇಡಿ. ಔಷಧಿ ಕೆಲಸ ಮಾಡಲಿಲ್ಲ ಎಂದು ಹೇಳುವ ಮೊದಲು ಈ ಲೆಕ್ಕ ನೋಡಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಎರಡು ಸಲ ಓದಿ. ಡಾರ್ಜೋಲಮೈಡ್ ಒಂದೇ ಇರುವ ಬಾಟಲಿ ಇದೆ. ಅದರ ಜೊತೆ ಟಿಮೊಲಾಲ್ ಸೇರಿಸಿದ್ದೂ ಇದೆ. ಡಬ್ಬಿ ಹೆಚ್ಚುಕಡಿಮೆ ಒಂದೇ ಥರ, ಹೆಸರಿನ ಕೊನೆಗೆ ಒಂದು ಅಕ್ಷರ ಜಾಸ್ತಿ ಇರುತ್ತದೆ ಅಷ್ಟೇ. ಟಿಮೊಲಾಲ್ ಅಸ್ತಮಾ ಇರುವವರಿಗೆ, ಹೃದಯದ ಬಡಿತ ನಿಧಾನ ಇರುವವರಿಗೆ ಅಪಾಯ. ನನ್ನ ಮಗನಿಗೆ ಮಳೆಗಾಲದಲ್ಲಿ ಉಬ್ಬಸ ಬರುತ್ತದೆ. ಒಂದು ಸಲ ಸ್ಟಾಕ್ ಇಲ್ಲ, ಇದೂ ಅದೇ ಎಂದು ಮೆಡಿಕಲ್‌ನವರು ಎರಡನೆಯದನ್ನು ಕೊಟ್ಟರು. ಮನೆಗೆ ಬಂದು ಹಳೆಯ ಡಬ್ಬಿಯ ಪಕ್ಕ ಇಟ್ಟು ಓದಿದಾಗ ಗೊತ್ತಾಯಿತು. ಅಂದಿನಿಂದ ಖಾಲಿ ಡಬ್ಬಿ ಜೊತೆಗೆ ಕೊಂಡುಹೋಗುತ್ತೇನೆ. ಕೌಂಟರಿನಲ್ಲೇ ಮೂಲ ಹೆಸರು ತಾಳೆ ನೋಡಿಯೇ ದುಡ್ಡು ಕೊಡುವುದು.

ಮಾತ್ರೆ ಬಂದಾಗ, ನೀರು ಮರಳಿದಾಗ

ಹದಿನಾಲ್ಕನೇ ತಿಂಗಳಿಗೆ ನಮ್ಮ ಬಲಗಣ್ಣಿನ ಅಂಕಿ 381ಕ್ಕೆ ಏರಿತು. ಹನಿ ತಪ್ಪಿರಲಿಲ್ಲ, ಮೆಷಿನ್ ಅದೇ. ಪುಸ್ತಕ ಇದ್ದದ್ದರಿಂದ ಡಾಕ್ಟರಿಗೆ ಐದು ನಿಮಿಷದಲ್ಲಿ ಸ್ಪಷ್ಟವಾಯಿತು. ಡ್ರಾಪ್ಸ್ ನಿಲ್ಲಿಸಿ ಆರು ವಾರ ಅಸೆಟಜೋಲಮೈಡ್ ಮಾತ್ರೆ ಕೊಟ್ಟರು, ಆಮೇಲೆ ಮತ್ತೆ ಡ್ರಾಪ್ಸ್. ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಕೆಲವರಲ್ಲಿ ಪುನಃ ಫಲ ಕಂಡ ವರದಿಗಳೂ ಇವೆ. ನಿಮ್ಮಷ್ಟಕ್ಕೆ ನೀವೇ ಇದನ್ನು ಮಾಡಬೇಡಿ.

ಮಾತ್ರೆ ಇಡೀ ದೇಹಕ್ಕೆ ಹೋಗುತ್ತದೆ. ಬೆರಳ ತುದಿ, ತುಟಿ ಜುಮುಜುಮು ಎನ್ನುತ್ತದೆ. ಮೂತ್ರ ಜಾಸ್ತಿ. ಸುಸ್ತು. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯಬಹುದು, ಆಮ್ಲದ ಅಂಶ ಏರಬಹುದು, ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ಮಕ್ಕಳಿಗೆ ಬಹುಕಾಲ ಕೊಟ್ಟರೆ ಬೆಳವಣಿಗೆಯ ಮೇಲೂ ಕಣ್ಣಿಡಬೇಕು. ರಕ್ತಪರೀಕ್ಷೆ ಯಾವಾಗ ಎಂದು ಕೇಳಿ ಬರೆದುಕೊಳ್ಳಿ. ಮಾತ್ರೆಯಾಗಲಿ ಡ್ರಾಪ್ಸ್ ಆಗಲಿ, ಇವೆಲ್ಲ ಸಲ್ಫಾ ಜಾತಿಯ ಔಷಧಿಗಳು. ಹಿಂದೆ ಯಾವುದಾದರೂ ಸಲ್ಫಾ ಮಾತ್ರೆಗೆ ಮೈಮೇಲೆ ದದ್ದು ಎದ್ದಿದ್ದರೆ, ಕಿಡ್ನಿ ಲಿವರ್ ತೊಂದರೆ ಇದ್ದರೆ ಮೊದಲೇ ಹೇಳಿ.

ಆ ಆರು ವಾರದಲ್ಲಿ ಒಂದು ದಿನ ಸ್ಟೇಷನ್ ಹತ್ತಿರ ಮಗನಿಗೆ ಲಿಂಬೂ ಸೋಡಾ ಕೊಡಿಸಿದೆ. ಒಂದು ಗುಟುಕು ಕುಡಿದು, "ಆಯೀ, ಇದ್ರಲ್ಲಿ ಗ್ಯಾಸೇ ಇಲ್ಲ" ಅಂದ. ಗ್ಲಾಸಿನಲ್ಲಿ ಗುಳ್ಳೆ ಏಳುತ್ತಲೇ ಇತ್ತು. ನಾಲಿಗೆಯ ಮೇಲೆ ಸೋಡಾದ ಚುರುಕನ್ನು ಗುರುತಿಸುವುದರಲ್ಲೂ ಇದೇ ಕಿಣ್ವದ ಪಾಲು ಇದೆ ಎಂದು 2009ರಲ್ಲಿ ಇಲಿಗಳ ಮೇಲಿನ ಸಂಶೋಧನೆ ತೋರಿಸಿತ್ತು. ಎತ್ತರದ ಬೆಟ್ಟ ಹತ್ತುವವರು ಇದೇ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರಿಗೂ ಹೀಗೆ ಸಪ್ಪೆ ಎನ್ನಿಸುತ್ತದಂತೆ. ಪುಸ್ತಕದಲ್ಲಿ ಅದನ್ನೂ ಬರೆದಿಟ್ಟೆ.

ಕಾಯಲಾಗದ ಒಂದು ಸಂದರ್ಭ ಇದೆ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ, ಮಿಂಚು, ಪರದೆ ಎಳೆದ ಹಾಗೆ ಕತ್ತಲು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರೆಟಿನೋಸ್ಕೈಸಿಸ್ ಇರುವವರಲ್ಲಿ ರೆಟಿನಾ ಕಳಚುವುದು, ಕಣ್ಣೊಳಗೆ ರಕ್ತ ಸೋರುವುದು ಎರಡೂ ಆಗಬಹುದು. ತಲೆಗೆ, ಕಣ್ಣಿಗೆ ಪೆಟ್ಟು ಬೀಳುವ ಆಟ ಬೇಡ. ಮಗ ಗಲ್ಲಿ ಕ್ರಿಕೆಟ್ ಬಿಟ್ಟದ್ದಕ್ಕೆ ಒಂದು ವಾರ ಮಾತಾಡಲಿಲ್ಲ. ಈಗ ತಬಲಾ ಕಲಿಯುತ್ತಿದ್ದಾನೆ.

ಟ್ರಯಲ್ ಎಂದು ಯಾರಾದರೂ ಹೇಳಿದರೆ

ಟ್ರಯಲ್ ಎಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವುದು. 2015ರಲ್ಲಿ ಅಮೆರಿಕದಲ್ಲಿ ರೆಟಿನೋಸ್ಕೈಸಿಸ್‌ಗೆ ಎರಡು ಜೀನ್ ಚಿಕಿತ್ಸೆಯ ಟ್ರಯಲ್ ಶುರುವಾದವು. ಒಂದನ್ನು ನಡೆಸಿದ ಕಂಪನಿ 2018ರಲ್ಲಿ ಫಲ ಕಾಣಲಿಲ್ಲ ಎಂದು ತಾನೇ ಹೇಳಿತು. ದಾರಿ ಮುಚ್ಚಿಲ್ಲ, ಆದರೆ ನಾಳೆಯೇ ಆಗುವುದೂ ಅಲ್ಲ. ಭಾರತದಲ್ಲಿ ನಡೆಯುವ ಟ್ರಯಲ್‌ಗಳನ್ನು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾದಲ್ಲಿ ನೋಂದಾಯಿಸಬೇಕು. 2007ರಲ್ಲಿ ಶುರುವಾದ ಈ ದಾಖಲೆಯನ್ನು 2009ರ ಜೂನ್ 15ರಿಂದ ಕಡ್ಡಾಯ ಮಾಡಿದ್ದಾರೆ. ಯಾರಾದರೂ ಟ್ರಯಲ್ ಎಂದರೆ ನೋಂದಣಿ ನಂಬರ್ ಕೇಳಿ, ಜಾಲತಾಣದಲ್ಲಿ ನೀವೇ ಹುಡುಕಿ. ಪರೀಕ್ಷೆಯಲ್ಲಿರುವ ಔಷಧಿಗೆ ರೋಗಿಯಿಂದ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಸ್ಟೆಮ್ ಸೆಲ್ ಹೆಸರಿನಲ್ಲಿ ಹೀಗೆ ಮನೆ ಅಡವಿಟ್ಟವರು ನನಗೆ ಗೊತ್ತು. ವಂಶದ ರೆಟಿನಾ ಕಾಯಿಲೆಗೆ ಸ್ಟೆಮ್ ಸೆಲ್ ಇನ್ನೂ ಒಪ್ಪಿಗೆಯಾದ ಚಿಕಿತ್ಸೆಯಲ್ಲ.

ಬಲಗಣ್ಣಿನ ಕೊನೆಯ ಅಂಕಿ 331, ನೋಟ 6/18. ಮಾವನ ಜೀನ್ ರಿಪೋರ್ಟ್ ಬಂದಿದೆ. ಮಗನದ್ದರಲ್ಲಿರುವ ಬದಲಾವಣೆಯೇ ಅದರಲ್ಲೂ ಇದೆ, ಒಂದಕ್ಷರ ಬಿಡದೆ. ಮಾವನ ಮಗಳು ಮುಂದಿನ ತಿಂಗಳು ಅವಳ ಮಗನನ್ನು ಪರೀಕ್ಷೆಗೆ ಕರೆದುಕೊಂಡು ಹೋಗುತ್ತಾಳೆ. ತಂದೆಯ ರಿಪೋರ್ಟಿನ ಆ ಸಾಲಿರುವ ಪುಟದ ಝೆರಾಕ್ಸ್, ತಂದೆಯ ಓಸಿಟಿ ಪ್ರಿಂಟ್, ನಕ್ಷೆಯ ಹಾಳೆ, ಮೂರನ್ನೂ ಒಂದು ಫೈಲಿನಲ್ಲಿ ಇಡು ಎಂದಿದ್ದೇನೆ. ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುತ್ತಾರೆ, ಬಿಸಿಲಿಗೆ ಟೋಪಿ ಇರಲಿ ಎಂದಿದ್ದೇನೆ. ನಾಲ್ಕು ವರ್ಷದ ಮಗು ಓಸಿಟಿ ಮೆಷಿನ್ ಮುಂದೆ ಅಲ್ಲಾಡದೆ ಕೂರುವುದು ಕಷ್ಟ. ಅದನ್ನು ಮನೆಯಲ್ಲೇ ಆಟದ ಹಾಗೆ ಕಲಿಸು ಎಂದೂ ಹೇಳಿದ್ದೆ. ನಿನ್ನೆ ರಾತ್ರಿ ವಿಡಿಯೋ ಕಳಿಸಿದ್ದಾಳೆ. ಮೇಜಿನ ಮೇಲೆ ಅಕ್ಕಿ ಅಳೆಯುವ ಸೇರು ಬೋರಲು ಹಾಕಿ, ಅದರ ಮೇಲೆ ಗಲ್ಲ ಊರಿ, ಗೋಡೆಗೆ ಅಂಟಿಸಿದ ಹಸಿರು ಬಿಂದಿಯನ್ನೇ ನೋಡುತ್ತಿದ್ದಾನೆ. ಹಿಂದಿನಿಂದ ಅವಳ ಎಣಿಕೆ ಕೇಳುತ್ತದೆ. ಇಪ್ಪತ್ತರವರೆಗೆ ಅವನು ಅಲ್ಲಾಡಲಿಲ್ಲ.